ಪರದೆಯ ಅಳತೆ

ಭಾನುವಾರ, ಬೆಳಿಗ್ಗೆ

ಮಗಳೇ,

ಕ್ಷೇಮ ಸಮಾಚಾರದ ಶಾಸ್ತ್ರ ಇವತ್ತು ಬೇಡ. ಕುಡಿತ ಬಿಡುವವರ ಸಭೆ ನಮ್ಮೂರಲ್ಲೂ ನಡೆಯುತ್ತದಂತೆ, ನೀನಿರುವ ಊರಿನ ಸಭೆಗೆ ನಿನ್ನ ಆಫೀಸಿನವರೇ ಬರುವುದರಿಂದ ಅಲ್ಲಿಗೆ ಹೋಗಲು ನಿನಗೆ ಮುಜುಗರವಂತೆ, ಇಲ್ಲಿಯದನ್ನು ಒಮ್ಮೆ ನೋಡಿ ಬಾ ಎಂದು ನೀನು ಹೇಳಿದಾಗ ನಾನು ಫೋನ್ ಇಟ್ಟುಬಿಟ್ಟೆ. ನಂಬಿಕೆ ಬರಲಿಲ್ಲ, ಅದಕ್ಕೇ ಇಟ್ಟೆ. ಬಾಟಲಿಯಲ್ಲಿರುವುದು ಕೆಮ್ಮಿನ ಔಷಧಿ ಎಂದು ನನ್ನನ್ನು ನಂಬಿಸಿದವಳು ನೀನೇ ತಾನೆ? ಈಗ ನಿನ್ನ ಬಾಯಿಂದ ಒಳ್ಳೆಯ ಮಾತು ಬಂದರೂ, ಅಂಗಿ ತಿರುವಿ ಒಳಹೊಲಿಗೆ ನೋಡುವ ಹಾಗೆ ತಿರುವಿ ನೋಡುತ್ತೇನೆ. ಕುಡಿಯುವುದು ನಿಲ್ಲಿಸುವವರೆಗೂ ನನ್ನ ಹೊಸಿಲು ತುಳಿಯಬೇಡ ಎಂದಿದ್ದೆ. ನಿನ್ನ ಮಗಳು ನನ್ನ ಹತ್ತಿರವೇ ಇದ್ದಾಳೆ. ಆ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಂಡಿಲ್ಲ.

ಆದರೂ ಹುಡುಕಿಕೊಂಡು ಹೋದೆ. ಔಷಧಿ ಅಂಗಡಿಯವನ ಹತ್ತಿರ ಸಭೆ ನಡೆಯುವ ಜಾಗ ಕೇಳಿ, ಪಕ್ಕದ ಮನೆಯವರಿಗೆ ಬೇಕಿತ್ತು ಎಂದೆ. "ಎಲ್ಲರೂ ಪಕ್ಕದ ಮನೆಯವರಿಗೇ ಕೇಳೋದು, ಅಮ್ಮಾ," ಎಂದ. ಅವನ ಮಾಸಿದ ಕಾಲರುಗಳನ್ನೆಲ್ಲ ತಿರುಗಿಸಿ ಹೊಲಿದುಕೊಡುವವಳು ನಾನು. ನನ್ನೆದುರು ಈ ಮಾತು! ಆಮೇಲೆ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆ, ಗುರುವಾರ ಸಂಜೆ ಎಂದು ತಿಳಿಸಿದ.

ಬೋರ್ಡಿಲ್ಲ. ಮೆಟ್ಟಿಲು ಕಟ್ಟಡದ ಹಿಂಭಾಗದಲ್ಲಿ. ಒಳ್ಳೆಯ ಕೆಲಸ ಮಾಡುವವರು ಬೋರ್ಡು ಹಾಕಲು ಯಾಕೆ ಹೆದರಬೇಕು? ಪರಿಚಯದವರು ಕಂಡರೆ ಪರದೆಯ ಅಳತೆಗೆ ಬಂದೆ ಅನ್ನಲು ಇರಲಿ ಎಂದು, ಕುತ್ತಿಗೆಗೆ ಟೇಪು ಹಾಕಿಕೊಂಡೇ ಹೋಗಿದ್ದೆ.

ಒಳಗೆ ದುಂಡಗೆ ಜೋಡಿಸಿದ ಕುರ್ಚಿಗಳು, ಒಂದು ಮೇಜು, ಅದರ ಮೇಲೆ ಟೀ. ದುಡ್ಡು ಬೇಡವಂತೆ, ಹೆಸರೂ ಬೇಡವಂತೆ. ಎರಡೂ ಬೇಡ ಅನ್ನುವವರಿಗೆ ಮೂರನೆಯದು ಏನೋ ಬೇಕಿರುತ್ತದೆ. ಟೀಯನ್ನು ಮೂಸಿ ನೋಡಿಯೇ ಕುಡಿದೆ. ಯಾರು ಏನು ಮಾರಲು ಬರುತ್ತಾರೋ ಎಂದು ಬಾಗಿಲಿನ ಮೇಲೆ ಒಂದು ಕಣ್ಣಿಟ್ಟಿದ್ದೆ. ಬಂದವಳು ನಮ್ಮ ಅಂಚೆ ಕಚೇರಿಯ ಗುಮಾಸ್ತೆ. ನೀನು ಲಂಗ ತೊಡುತ್ತಿದ್ದ ಕಾಲದಿಂದ ನಿನ್ನನ್ನು ಬಲ್ಲವಳು, ನನಗಿರುವವಳು ನೀನೊಬ್ಬಳೇ ಎಂಬುದನ್ನೂ ಬಲ್ಲವಳು. ನನ್ನನ್ನು ಕಂಡು ತಲೆಯಾಡಿಸಿ ಎದುರಿಗೇ ಕೂತಳು.

ಒಬ್ಬ ಬಸ್ ಡ್ರೈವರ್ ಮಾತಾಡಿದ. ಬಾಟಲಿಯನ್ನು ಸ್ಪ್ಯಾನರ್ ಪೆಟ್ಟಿಗೆಯಲ್ಲಿ ಬಚ್ಚಿಡುತ್ತಿದ್ದನಂತೆ. ನೀನು ನನ್ನ ಚೂರುಬಟ್ಟೆಯ ಚೀಲದಲ್ಲಿ ಇಡುತ್ತಿದ್ದೆಯಲ್ಲ, ಹಾಗೆ. ಈಗ ಯಾರಾದರೂ ಇವನಿಗೆ ನಾಲ್ಕು ಬೈಯುತ್ತಾರೆ ಎಂದು ಕಾದೆ. ಯಾರೂ ಬೈಯಲಿಲ್ಲ. ಅವನೂ ತಲೆ ತಗ್ಗಿಸಲಿಲ್ಲ. ಪಕ್ಕದವನು ಅವನ ಕೈಗೆ ಬಿಸ್ಕತ್ತು ಕೊಟ್ಟ. ಶಿಸ್ತಿಲ್ಲದ ಸಭೆ.

ಸಭೆ ನಡೆಸುವವರು ಶಾಲೆಯಿಂದ ನಿವೃತ್ತರಾದ ಹೆಡ್‌ಮಿಸ್. ನನ್ನ ಸರದಿ ಬಂದಾಗ, ಹೇಳಲೇಬೇಕೆಂಬ ಕಡ್ಡಾಯವಿಲ್ಲ ಅಂದರು. ನಾನು ಏನೋ ಒಂದು ಹೇಳಿ ಮುಗಿಸಿದೆ. ಅದು ನಿನಗೆ ಬೇಡ. ಇಲ್ಲಿ ಆಡಿದ ಮಾತು ಈ ಮೆಟ್ಟಿಲು ಇಳಿಯುವುದಿಲ್ಲ ಎಂದರು. ಊರಿನ ಬಾಯಿ ನನಗೆ ಗೊತ್ತಿಲ್ಲವೇ? ಆದರೆ ಈ ಮೂರು ದಿನ ನನ್ನ ಹೊಲಿಗೆ ಅಂಗಡಿಗೆ ಬಂದವರ ಮುಖವನ್ನೆಲ್ಲ ಓದಿದ್ದೇನೆ. ಇನ್ನೂ ಯಾರಿಗೂ ಏನೂ ತಿಳಿದ ಹಾಗಿಲ್ಲ.

ಹೊರಡುವಾಗ ಹೆಡ್‌ಮಿಸ್ ಕುತ್ತಿಗೆಯ ಟೇಪು ನೋಡಿದರು. ಯಾಕೆ ಎಂದು ಕೇಳಲಿಲ್ಲ. ಕಿಟಕಿ ತೋರಿಸಿ, "ಎದುರು ಕಟ್ಟಡದೋರಿಗೆ ಒಳಗಿರೋರೆಲ್ಲ ಕಾಣ್ತಾರೆ. ಪರದೆ ಇದ್ದಿದ್ರೆ ಇನ್ನೂ ನಾಲ್ಕು ಜನ ಧೈರ್ಯವಾಗಿ ಬರ್ತಿದ್ರೇನೋ," ಎಂದರು. ಟೇಪು ಹಾಕಿಕೊಂಡು ಹೋದ ಮೇಲೆ ಅಳೆಯದೆ ಬರುವುದು ಹೇಗೆ? ಅಳೆದೆ. ಯೂನಿಫಾರ್ಮಿಗೆ ತಂದು ಉಳಿದಿದ್ದ ದಪ್ಪ ನೀಲಿ ಬಟ್ಟೆಯಲ್ಲಿ ಲೈನಿಂಗ್ ಕೊಟ್ಟು ಹೊಲಿದಿದ್ದೇನೆ. ದೀಪದೆದುರು ಹಿಡಿದು ನೋಡಿದೆ, ಆಚೆಯವರಿಗೆ ಬೆರಳೂ ಕಾಣುವುದಿಲ್ಲ.

ನನ್ನ ಅನುಮಾನ ಹೋಗಿಲ್ಲ. ಅವರ ಮೇಲೂ, ನಿನ್ನ ಮೇಲೂ. ಟೀ ಅಂತೂ ನೀರು. ಆದರೂ ಈ ಗುರುವಾರ ಬರುವುದಾದರೆ ಬಾ. ಪರದೆ ತೂಗುಹಾಕಲು ಸ್ಟೂಲು ಹತ್ತುವುದು ನನ್ನ ಮಂಡಿಯಿಂದ ಆಗದ ಕೆಲಸ. ಅವತ್ತು ಕುಡಿದಿರಬಾರದು. ಬಂದ ಕೂಡಲೇ ಮೂಸಿ ನೋಡುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ಇಷ್ಟುದ್ದ ಬರೆದು ಅಭ್ಯಾಸವಿಲ್ಲದ,
ನಿನ್ನ ಅಮ್ಮ

ಮರೆತು ಬಿಟ್ಟದ್ದಲ್ಲ, ಬರೆಯಲು ಮನಸ್ಸಿರಲಿಲ್ಲ: ನನ್ನ ಸರದಿ ಬಂದಾಗ ಗುಮಾಸ್ತೆ ನನ್ನ ಮುಖವನ್ನೇ ನೋಡುತ್ತಿದ್ದಳು. ಕುಡಿಯುವವರು ನಮ್ಮ ಮನೆಯವರೊಬ್ಬರು ಎಂದಿದ್ದರೆ, ಅದು ನೀನೇ ಎಂದು ಅವಳಿಗೆ ತಿಳಿದುಬಿಡುತ್ತಿತ್ತು. ಅದಕ್ಕೇ, "ಕುಡಿಯೋದು ನಾನೇ," ಎಂದೆ. ಎಲ್ಲರೂ ನಂಬಿದರು. ಅಷ್ಟು ಬೇಗ ನಂಬಿದ್ದಕ್ಕೆ ನನಗಿನ್ನೂ ಸಿಟ್ಟಿದೆ. ಆದ್ದರಿಂದ ಗುರುವಾರ ನೀನು ಅಮ್ಮನನ್ನು ಸಭೆಗೆ ಕರೆತಂದ ಮಗಳು. ಬಸ್ಸಿಳಿದು ನೇರ ಮನೆಯೊಳಗೆ ಬಾ. ಹೊಸಿಲು ದಾಟದೆ ನನ್ನನ್ನು ಕರೆದೊಯ್ಯುವುದು ಹೇಗೆ? ಅಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದರೂ ಸಾಕು. ನಿಜ ಹೇಳಲು ನಿನಗೆ ಬಾಯಿ ಬರುವ ದಿನದವರೆಗೂ ಕುಡುಕಿ ನಾನೇ ಆಗಿರುತ್ತೇನೆ.