‘ಗೀಸಿಡ್’ ಎಂಬ ರಾಸಾಯನಿಕಕ್ಕೆ ಆಕರ ಕೇಳಿದವರಿಗೆ

ಫೋನು ಹಿಡಿದು ಕುಳಿತ ಸಮಸ್ತ ಓದುಗ ಮಹಾಜನಗಳೇ, ಅಲ್ಪವಿರಾಮದ ಅಧಿಕಾರಿಗಳೇ, ಪೂರ್ಣವಿರಾಮದ ಪಾಲಕರೇ, ಹಾಗೂ ಇವರೆಲ್ಲರ ಮೇಲೆ ವಿರಾಜಮಾನರಾಗಿರುವ, ಎಲ್ಲರೂ ಸೇರಿ ಬರೆಯುವ ಅಂತರ್ಜಾಲ ವಿಜ್ಞಾನಕೋಶದ ಶೈಲಿ ಸಮಿತಿಯ ಮಾನ್ಯ ಮುಖ್ಯಸ್ಥರೇ,

ತಾವು ಒಂದು ಪದವನ್ನು ಅಳಿಸಿದ್ದೀರಿ. ಅದು ಮರಳಿ ಬೇಕು. ಅವಸರದಲ್ಲಿರುವವರು ಇಷ್ಟು ಓದಿ ಎದ್ದು ಹೋಗಬಹುದು.

ಉಳಿದವರಿಗೆ ವಿವರ. ನಾನು ಬಾಟಲಿಗಳಿಗೆ ಲೇಬಲ್ ಅಚ್ಚು ಹಾಕುವ ಪ್ರೆಸ್ಸೊಂದರಲ್ಲಿ ಕರಡು ತಿದ್ದುವವನು. ಕನ್ನಡ ಮಾಧ್ಯಮದಲ್ಲೇ ಪದವಿ ಮುಗಿಸಿದವನು. ಪ್ರಾಸ ಸಿಕ್ಕರೆ ಊಟ ಬಿಡುವವನು. ಬಿಡುವಿನಲ್ಲಿ ತಮ್ಮ ಕೋಶಕ್ಕೆ ‘ಮನೆಯ ಶುಚಿಕಾರಕಗಳು’ ಎಂಬ ಲೇಖನ ಬರೆದೆ. ಅದರಲ್ಲೊಂದು ವಾಕ್ಯ: “ಬ್ಲೀಚ್ ಜೊತೆ ಆಸಿಡ್ಡು ಗೀಸಿಡ್ಡು ಯಾವುದನ್ನೂ ಬೆರೆಸಬೇಡಿ, ವಿಷದ ಗಾಳಿ ಏಳುತ್ತದೆ.” ಕೆಲವೇ ದಿನಗಳಲ್ಲಿ ವಾಕ್ಯದ ಪಕ್ಕ ಕೆಂಪಕ್ಷರ ಮೂಡಿತು: “‘ಗೀಸಿಡ್’ ಎಂಬ ರಾಸಾಯನಿಕಕ್ಕೆ ಆಕರ ಒದಗಿಸಿ.” ಯಾರೋ ನನ್ನ ಜಾತಿಯವರೇ ತಮಾಷೆ ಮಾಡಿದ್ದಾರೆಂದು ನಕ್ಕೆ. ತಮಾಷೆಯಾಗಿರಲಿಲ್ಲ. ಚರ್ಚಾಪುಟದಲ್ಲಿ ತಮ್ಮ ನಿಯಮಾವಳಿ ಬಂದು ಕುಳಿತಿತ್ತು: ವಿಜ್ಞಾನ ಬರಹದಲ್ಲಿ ಅರ್ಥವಿಲ್ಲದ ಪ್ರತಿಧ್ವನಿ ಪದಗಳು ಸಲ್ಲವು, ಓದುಗರನ್ನು ನೇರವಾಗಿ ಮಾತಾಡಿಸುವಂತಿಲ್ಲ. ನಾನು ವಾದಿಸಿದೆ. ಪದ ನಿಘಂಟಿನಲ್ಲಿಲ್ಲ ಎಂಬ ಉತ್ತರ ಬಂತು. ಸ್ವಾಮಿ, ನಿಘಂಟಿನಲ್ಲಿ ಇಲ್ಲದಿರಬಹುದು, ಗಿಘಂಟಿನಲ್ಲಿ ಇದೆ ಎಂದೆ. ಬರೆಯುವ ಹಕ್ಕನ್ನೇ ಒಂದು ವಾರ ಕಿತ್ತುಕೊಂಡರು. ಮರಳಿ ಬಂದು ನೋಡಿದರೆ ನನ್ನ ವಾಕ್ಯ ಸ್ನಾನ ಮಾಡಿ, ಇಸ್ತ್ರಿ ಹಾಕಿಸಿಕೊಂಡು ನಿಂತಿತ್ತು: “ಬ್ಲೀಚ್ ಹಾಗೂ ಆಸಿಡ್‌ನ ಮಿಶ್ರಣವು ಅಪೇಕ್ಷಣೀಯವಲ್ಲ.”

ಅಪೇಕ್ಷಣೀಯವಲ್ಲ! ಗುಂಡಿ ಕಿತ್ತ ಅಂಗಿ ತೊಟ್ಟು ಸಂದರ್ಶನಕ್ಕೆ ಹೋಗುವುದು ಅಪೇಕ್ಷಣೀಯವಲ್ಲ. ಬಾಯಿ ತುಂಬಿಕೊಂಡು ಮಾತಾಡುವುದು ಅಪೇಕ್ಷಣೀಯವಲ್ಲ. ಆ ಮಿಶ್ರಣದಿಂದೇಳುವ ಕ್ಲೋರಿನ್ ಉಸಿರಾಡುವುದೂ ಅದೇ ಸಾಲಿನ ಅಸಭ್ಯತೆಯೇ? ಮನೆಗೆ ಬೆಂಕಿ ಬಿದ್ದರೆ ತಾವು “ನಿರ್ಗಮನವು ಶ್ಲಾಘನೀಯ” ಎಂದು ಕೂಗುತ್ತೀರೋ?

ಇನ್ನು ಆ ಅರ್ಥವಿಲ್ಲದ ಪದದ ಅರ್ಥಕ್ಕೆ ಬರೋಣ. ಮನೆಗೆ ಬಂದವರನ್ನು ‘ಕಾಫಿ ಗೀಫಿ ಕುಡೀತೀರಾ’ ಎಂದು ಕೇಳುತ್ತೇವೆ. ಗೀಫಿ ಯಾವ ಗಿಡದಲ್ಲಿ ಬೆಳೆಯುತ್ತದೆಂದು ಯಾವ ಅತಿಥಿಯೂ ಈವರೆಗೆ ಆಕರ ಕೇಳಿಲ್ಲ. ಬೇಕಾದವರು ‘ಚಹಾ ಇದ್ರೆ ಕೊಡಿ’ ಎನ್ನುತ್ತಾರೆ. ‘ಜ್ವರ ಗಿರ ಬಂದಿತ್ತಾ’ ಎಂದು ವೈದ್ಯರು ಕೇಳಿದರೆ ರೋಗಿ ಮೈ ನಡುಗಿದ್ದನ್ನೂ ಹೇಳುತ್ತಾನೆ. ಅಂದರೆ ಈ ‘ಗಿ’ಕಾರವು ಒಂದು ವಸ್ತುವನ್ನು ಮುಂದೆ ನಿಲ್ಲಿಸಿ, ಅದರ ನಂಟರಿಷ್ಟರನ್ನೆಲ್ಲ ಒಟ್ಟಿಗೆ ಕರೆಯುತ್ತದೆ. ಇದನ್ನೇ ತಾವು ‘ವರ್ಗೀಕರಣ’ ಎಂದು ಕರೆದು, ಅದರ ಮೇಲೆ ಉದ್ದುದ್ದ ಲೇಖನ ಬರೆಸಿದ್ದೀರಿ. ನಮ್ಮ ಪ್ರೆಸ್ಸಿನಲ್ಲಿ ಅಚ್ಚಾಗುವ ವಿನೆಗರ್ ಲೇಬಲ್ಲಿನಲ್ಲಿ ‘ನೈಸರ್ಗಿಕ’ ಎಂದಿದೆ. ಟೈಲ್ಸ್ ತೊಳೆಯುವ ನೀಲಿ ದ್ರಾವಣದ ಮೇಲೆ ‘ಫಳಫಳ’ ಎಂದಿದೆ. ಯಾವುದರ ಮುಂಭಾಗದಲ್ಲೂ ಆಸಿಡ್ ಎಂಬ ಅಕ್ಷರವಿಲ್ಲ. ಅವೆಲ್ಲವನ್ನೂ ನಾನು ಮೂರಕ್ಷರದ ಆ ಗೀಸಿಡ್ಡಿನಲ್ಲಿ ತುಂಬಿದ್ದೆ. ತಾವು ಪಾತ್ರೆ ತೊಳೆದಿಟ್ಟಿರಿ.

ಈಗ ನನ್ನ ಅಕ್ಕನ ವಿಷಯ. ಅವಳು ಮನೆಯಲ್ಲೇ ಯಂತ್ರ ಇಟ್ಟುಕೊಂಡು ಪರದೆ, ದಿಂಬಿನ ಚೀಲ ಹೊಲಿಯುವವಳು. ಶಾಲೆಯನ್ನು ಅರ್ಧಕ್ಕೇ ಬಿಡಿಸಿದ್ದರು. ನಡುವಯಸ್ಸಿನಲ್ಲಿ ತಮ್ಮ ಕೋಶ ಅವಳ ಕೈಗೆ ಸಿಕ್ಕಿತು. ಮಧ್ಯಾಹ್ನ ಯಂತ್ರ ನಿಲ್ಲಿಸಿ, ಸಾಲಿನ ಕೆಳಗೆ ಬೆರಳಿಟ್ಟು, ದಿನಕ್ಕೊಂದು ಲೇಖನ ಓದುತ್ತಿದ್ದಳು. ಆಕ್ಟೋಪಸ್ಸಿಗೆ ಮೂರು ಹೃದಯ ಎಂದು ಊಟದ ಹೊತ್ತಿಗೆ ನಮಗೆಲ್ಲ ಹೇಳಿ, ಒಂದೂ ಇಲ್ಲದವರನ್ನು ಕಟ್ಟಿಕೊಂಡೆ ಎಂದು ಭಾವನ ಕಾಲೆಳೆಯುತ್ತಿದ್ದಳು. ಒಂದು ದಿನ ಬಚ್ಚಲಿನ ಕಲೆ ಹೋಗದೆ, ಬ್ಲೀಚಿಗೆ ವಿನೆಗರ್ ಸೇರಿಸಬಹುದೇ ಎಂದು ಯೋಚಿಸಿ, ಮೊದಲು ತಮ್ಮ ಪುಟ ತೆರೆದಳು. ಗಮನಿಸಿ: ಓದದೆ ಬೆರೆಸಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಅವಳು ಓದಿ ಬೆರೆಸಿದಳು. ಭಾವ ಬಾಗಿಲು ತಳ್ಳಿ ಹೊರಗೆಳೆದು ತಂದರು. ಆಸ್ಪತ್ರೆಯಲ್ಲಿ ಏನು ಬೆರೆಸಿದಿರಿ ಎಂದು ವೈದ್ಯರು ಕೇಳಿದಾಗ ಮೂಗಿನ ಮೇಲಿನ ಮಾಸ್ಕ್ ಸರಿಸಿ ಅಂದಳು:

“ಆಸಿಡ್ ಅಲ್ಲ ಡಾಕ್ಟ್ರೇ. ನೋಡ್ಕೊಂಡೇ ಹಾಕ್ದೆ.”

ಭಾಷೆ ಶುದ್ಧವಾಯಿತು, ಉಸಿರು ಬದ್ಧವಾಯಿತು. ಪ್ರಾಸಕ್ಕೆ ಕ್ಷಮೆಯಿರಲಿ. ಈಗ ಅವಳ ಉಸಿರು ಬಹುಮಟ್ಟಿಗೆ ಸರಿಹೋಗಿದೆ. ವಿನೆಗರ್ ಕೂಡ ಆಸಿಡ್ಡೇ ಎಂದು ವೈದ್ಯರು ತಿಳಿಸಿ ಹೇಳಿದ ಮೇಲೆ ಅವಳು ಒಂದೇ ಮಾತು ಹಿಡಿದಳು: ಅಷ್ಟು ದೊಡ್ಡವರು ಬರೆದದ್ದು ಅರ್ಥವಾಗದ ದಡ್ಡಿ ತಾನು. ಬರೆದವರು ದೊಡ್ಡವರಲ್ಲ, ನಾನೇ ಎಂದೆ. ನಂಬಲಿಲ್ಲ.

“ನೀನು ಬರ್ದಿದ್ರೆ ಅದ್ರಲ್ಲಿ ಆಸಿಡ್ಡು ಗೀಸಿಡ್ಡು ಅಂತ ಇರ್ಬೇಕಿತ್ತಲ್ಲೋ. ಸುಮ್ನೆ ನನ್ನ ಸಮಾಧಾನಕ್ಕೆ ಹೇಳ್ಬೇಡ.”

ಮಾನ್ಯರೇ, ತಾವು ಕೇಳಿದ್ದ ಆಕರ ಇದೋ, ಒದಗಿಸಿದ್ದೇನೆ. ನನ್ನ ಆಗ್ರಹವೂ ಸರಳ: ಪದವನ್ನು ಮರಳಿಸಿ, ‘ಬೆರೆಸಬೇಡಿ’ಯನ್ನು ಮರಳಿಸಿ, ಹಿಂದಿನ ವಾಕ್ಯ ತಪ್ಪಾಗಿತ್ತೆಂದು ಪುಟದ ತಲೆಯಲ್ಲೇ ಪ್ರಕಟಿಸಿ. ನುಡಿಯ ಜೀವಂತಿಕೆಗಾಗಿ, ಜನಸಾಮಾನ್ಯರ ಜ್ಞಾನದಾಹಕ್ಕಾಗಿ, ಮುಂದಿನ ಪೀಳಿಗೆಯ…

ಇಲ್ಲ, ಸಾಕು. ನನಗೆ ನುಡಿಯ ಚಿಂತೆಯಿಲ್ಲ. ಆ ಪದ ಬೇಡವೆಂದರೆ ಬಿಡಿ, ನಿಮಗೆ ಇಷ್ಟ ಬಂದ ಹಾಗೆ ಬರೆದುಕೊಳ್ಳಿ. ಅಕ್ಕ ಓದುವುದನ್ನು ಬಿಟ್ಟಿದ್ದಾಳೆ. ಅದೆಲ್ಲ ಓದಿದವರಿಗೆ ಕಣೋ ಎನ್ನುತ್ತಾಳೆ. ಮಧ್ಯಾಹ್ನವೂ ಯಂತ್ರ ತುಳಿಯುತ್ತಲೇ ಇರುತ್ತಾಳೆ. ತಪ್ಪು ಅವಳದಲ್ಲ ಎಂದು ನಾನು ಹೇಳಿದರೆ ನಂಬುವುದಿಲ್ಲ. ನೀವು ಹೇಳಿದರೆ ನಂಬುತ್ತಾಳೆ. ಒಂದು ಸಾಲು ಬರೆಯಿರಿ.

ಇಂತಿ,
ಸ್ವಂತ ಅಕ್ಕನೂ ಒಪ್ಪದ ಲೇಖಕ