ಹಗ್ಗದಕಟ್ಟೆಯಲ್ಲಿ ಒಂದು ಕಾಲಿಟ್ಟವರಿಗೆ

ಅಧಿಕ ಫೆಬ್ರವರಿ ೩೧, ೨೨೮೯
ಹಗ್ಗದಕಟ್ಟೆ ಸುರಂಗ ನಿಲ್ದಾಣ

ನೀಲಿ ಟೋಪಿಯ ಪ್ರವಾಸಿಯವರಿಗೆ,

ನನ್ನ ಮಾತು ನಿಮ್ಮ ಕಿವಿಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಈ ಕಾಗದ ಎರಡೂವರೆ ಶತಮಾನ ಹಿಂದಕ್ಕೆ ಹೇಗೆ ಬಂತೆಂದು ವಿವರಿಸುವುದಿಲ್ಲ. ಮೆಟ್ರೋ ನಕ್ಷೆಯನ್ನೇ ತಲೆಕೆಳಗಾಗಿ ಹಿಡಿಯುವವರಿಗೆ ಅದನ್ನು ಹೇಳಿ ಪ್ರಯೋಜನವಿಲ್ಲ.

ನಾವು ಪೂರ್ವಿಕರನ್ನು ಪೂಜಿಸುವ ಜನ. ಅದೇ ನಮ್ಮ ದಡ್ಡತನ. ನಿಮ್ಮ ಕಾಲದ ಪ್ರವಾಸಿಗರು ರೈಲಿಳಿದ ಜಾಗವೆಲ್ಲ ನಮಗೆ ‘ನೋಟಗೇರಿ’, ಅಂದರೆ ಕೈಮುಗಿದು ನೋಡಬೇಕಾದ ಕೇರಿ. ಕೋಟೆ, ಹೂದೋಟ, ಅರಮನೆ, ನೀವೆಲ್ಲ ಇಳಿದದ್ದು ಈ ಮೂರೇ ಕಡೆ. ಇಳಿದು ಮಾಡಿದ್ದೇನು? ಅರಮನೆಗೆ ಬೆನ್ನು ಹಾಕಿ ನಿಂತು ನಿಮ್ಮ ಮುಖದ ಫೋಟೋ ತೆಗೆದುಕೊಂಡಿರಿ. ಹೂದೋಟದಲ್ಲಿ ಶೌಚಾಲಯ ಎಲ್ಲಿದೆಯೆಂದು ಕೇಳಿದಿರಿ. ಆ ಶೌಚಾಲಯದ ಸಾಲಿಗೂ ಈಗ ಹಿತ್ತಾಳೆಯ ಕಟಾಂಜನ ಹಾಕಿದ್ದಾರೆ. ಶಾಲೆಯ ಮಕ್ಕಳು ವರ್ಷಕ್ಕೊಮ್ಮೆ ಬಂದು, ನಿಮ್ಮ ನೆನಪಿಗೆ, ಅಲ್ಲಿ ಐದು ನಿಮಿಷ ಕಾಲು ಬದಲಿಸುತ್ತ ನಿಲ್ಲುತ್ತಾರೆ. ಥೂ, ಎಂಥವರನ್ನು ನಂಬಿ ಕೆಟ್ಟೆವು ನಾವು.

ಹೂದೋಟಕ್ಕೂ ಅರಮನೆಗೂ ನಡುವೆ, ನೀವೆಲ್ಲ ಮೊಬೈಲ್ ನೋಡುತ್ತ ದಾಟಿದ ನಿಲ್ದಾಣವೇ ಹಗ್ಗದಕಟ್ಟೆ. ಮೇಲೆ ನಲವತ್ತು ಮನೆ, ಹಗ್ಗ ಹೊಸೆಯುವ ಅಂಗಳ, ನನ್ನ ತಾಯಿ ಚೆನ್ನಾಜಮ್ಮನ ಇಡ್ಲಿ ಅಂಗಡಿ. ಸುತ್ತಲೂ ನೋಟಗೇರಿಗಳ ಗೋಡೆ ಎದ್ದ ಮೇಲೆ ಹೊರಗೆ ಹೋಗಲು ನಮಗೆ ಈ ರೈಲೊಂದೇ ದಾರಿ. ಪೂರ್ವಿಕರ ‘ಇಳಿಗುರುತು’, ಅಂದರೆ ನಿಮ್ಮ ಕಾಲದ ಒಬ್ಬ ಪ್ರವಾಸಿಯಾದರೂ ಇಳಿದ ದಾಖಲೆ ಇಲ್ಲದ ನಿಲ್ದಾಣಗಳನ್ನು ಬರುವ ಅಮಾವಾಸ್ಯೆಗೆ ಮುಚ್ಚುತ್ತಾರಂತೆ. ಊರವರು ದಿನವೂ ಇಳಿದದ್ದು ಲೆಕ್ಕಕ್ಕಿಲ್ಲ. ಮಂಡಿನೋವಿನ ನನ್ನ ತಾಯಿಯನ್ನು ಗೋಡೆ ಹತ್ತಿಸಲೇ?

ನಾನು ಈ ನಿಲ್ದಾಣದ ದೀಪ ನೋಡಿಕೊಳ್ಳುವವಳು. ನಿಮ್ಮ ಕಾಲದ ಕ್ಯಾಮೆರಾ ಚಿತ್ರಗಳನ್ನು ಎಂಟು ತಿಂಗಳು ಜಾಲಾಡಿದೆ. ಸಿಕ್ಕಿದ್ದು ನೀಲಿ ಟೋಪಿಯ ನೀವೊಬ್ಬರೇ. ಬಾಗಿಲು ತೆರೆಯಿತು, ನೀವು ಎಡಗಾಲು ಹೊರಗಿಟ್ಟಿರಿ, ಫಲಕ ಓದಿದಿರಿ, ಇದು ಅರಮನೆಯಲ್ಲವೆಂದು ತಿಳಿದು ಸೆಗಣಿ ತುಳಿದವರಂತೆ ಕಾಲು ಹಿಂದೆಗೆದಿರಿ. ಅದನ್ನು ತಾಯಿಗೆ ತೋರಿಸಿದೆ. “ಅಷ್ಟ್ ದೂರದಿಂದ ಬಂದೋರು, ಇನ್ನೊಂದ್ ಹೆಜ್ಜೆ ಇಟ್ಟಿದ್ರೆ ಕಾಲೇನ್ ಸವೆದ್ ಹೋಗ್ತಿತ್ತಾ?” ಎಂದಳು. ಅಧಿಕಾರಿಗಳಿಗೂ ತೋರಿಸಿದೆ. ಒಂದು ಕಾಲು ಸಾಲದು, ಎರಡೂ ಬೇಕು ಎಂದರು.

ನಿಮ್ಮ ಮೇಲೆ ನನಗೆ ಎಳ್ಳಷ್ಟೂ ಗೌರವವಿಲ್ಲ. ನಿಮ್ಮಂಥವರ ಮುಂದೆ ಬೇಡಬೇಕಲ್ಲ ಎಂದು ಮೈ ಉರಿಯುತ್ತದೆ, ಆದರೂ ಬೇಡುತ್ತಿದ್ದೇನೆ. ನೀವು ಕಾಲು ಹೊರಗಿಟ್ಟ ಆ ದಿನ ನಿಮಗಿನ್ನೂ ಬಂದಿಲ್ಲ. ನಿಮ್ಮ ಲೆಕ್ಕದಲ್ಲಿ ಅದು ಬರುವ ಭಾನುವಾರ, ಮೂರನೆಯ ಬೋಗಿ. ನಮ್ಮ ಊರನ್ನು ನೋಡುವುದೇನೂ ಬೇಡ, ಇಡ್ಲಿ ತಿನ್ನುವುದೂ ಬೇಡ. ಇಲ್ಲೇನಿದೆ ಮಣ್ಣು ಎಂದು ಗೊಣಗಿಕೊಂಡೇ ಮುಂದಿನ ರೈಲು ಹತ್ತಿ. ಎಡಗಾಲನ್ನು ಹೇಗೂ ಇಡುತ್ತೀರಿ. ಬಲಗಾಲನ್ನೂ ಇಡಿ.

ಚೆನ್ನಾಜಮ್ಮನ ಮಗಳು,
ಸುಬ್ಬಾಜಿ