ಹಾಜರಿ ಹಾಳೆಯಲ್ಲಿರುವ ಡಚ್ ನಾನೇ

ಕ್ಯಾನ್ಸಸ್, ಮೇ 30, ಬೆಳಿಗ್ಗೆ

ಲೈಸೆನ್ಸ್ ಕಚೇರಿಯ ಶ್ರೀಮತಿ ಪೆನ್ನರ್ ಅವರಿಗೆ,

ಮನೆ ಮಾರಿಸುವ ಏಜೆಂಟರು ಲೈಸೆನ್ಸ್ ನವೀಕರಣಕ್ಕೆ ಕೇಳಲೇಬೇಕಾದ ಹನ್ನೆರಡು ಗಂಟೆ ಪಾಠಕ್ಕೆ ನಾನು ಬಂದೇ ಇಲ್ಲವೆಂದು ಬರೆದಿದ್ದೀರಿ. ಬಂದಿದ್ದೆ. ಹಾಜರಿ ಹಾಳೆಯಲ್ಲಿ ‘ಡಚ್’ ಎಂದು ಸಹಿ ಹಾಕಿದವನು ನಾನೇ. ಅದು ನನ್ನ ಅಡ್ಡಹೆಸರು; ನಲವತ್ತು ವರ್ಷದಿಂದ ನನ್ನ ‘ಮನೆ ಮಾರಾಟಕ್ಕಿದೆ’ ಬೋರ್ಡುಗಳ ಮೇಲಿರುವುದೂ ಅದೇ. ಮೇಷ್ಟರನ್ನೇ ಕೇಳಿ. “ಡಚ್, ಪಾಠ ನಾನ್ ಮಾಡ್ಲೋ, ನೀವೇ ಮಾಡ್ತೀರೋ?” ಎಂದು ಎಲ್ಲರೆದುರು ಎರಡು ಸಲ ಗದರಿಸಿದ್ದರು.

ಲೈಸೆನ್ಸ್ ನಾಳೆಗೆ ಮುಗಿಯುತ್ತದೆ. ನಾಡಿದ್ದು ಶ್ರೀಮತಿ ಟಿಬೆಟ್ಸ್ ಹೊಸ ಮನೆಯ ಬೀಗದಕೈಗೆ ಬರುತ್ತಾರೆ. ಹಳೆಯದನ್ನು ಬಿಟ್ಟುಕೊಟ್ಟು ಮಕ್ಕಳೊಂದಿಗೆ ಮೋಟೆಲ್‌ನಲ್ಲಿದ್ದಾರೆ. ಲೈಸೆನ್ಸ್ ಇಲ್ಲದೆ ನಾನು ಆ ಕೆಲಸ ಮುಗಿಸಿಕೊಡುವಂತಿಲ್ಲ.

ದಯವಿಟ್ಟು ಹೆಸರು ತಿದ್ದಿಸಿ. ಆಗದಿದ್ದರೆ ಹನ್ನೆರಡು ಗಂಟೆ ಮತ್ತೆ ಕೂರುತ್ತೇನೆ, ಬಾಯಿ ತೆರೆಯುವುದಿಲ್ಲ.

ಉತ್ತರವನ್ನು ಅಂಚೆಗೆ ಹಾಕಬೇಡಿ. ನಿಮ್ಮ ಬಾಗಿಲ ಹೊರಗಿನ ಬೆಂಚಿನ ಮೇಲೆಯೇ ಕೂತಿದ್ದೇನೆ.

ವೆಂಡೆಲ್ ಕ್ರೌಸ್